ದೇವರ ತಲೆಗೆ ಕಟ್ಟಿದ ಸಾವು

ಗೋದಾಮಿನ ಬಾಗಿಲ ಪಕ್ಕ, ಬೆಳಗಿನ ಬಿಸಿಲು ಬೀಳುವ ಜಾಗದಲ್ಲಿ, ದೊಡ್ಡಮ್ಮ ಹರಿದ ಚೀಲಗಳನ್ನು ಹೊಲಿಯುತ್ತಾ ಕೂತಿರುತ್ತಿದ್ದಳು. ಅವಳ ಇಬ್ಬರು ಗಂಡುಮಕ್ಕಳೂ ಅದೇ ಗೋದಾಮಿನಲ್ಲಿ ಹಮಾಲರು. ಮಕ್ಕಳ ಜೊತೆಯವರೆಲ್ಲ ದೊಡ್ಡಮ್ಮ ಎಂದು ಕರೆದು ಕರೆದು, ಅವಳ ಬೇರೆ ಹೆಸರು ಅವಳಿಗೇ ಮರೆತಂತಾಗಿತ್ತು. ಹಿರಿಯ ಮಗನಿಗೆ ತಂಡದವರು ಇಟ್ಟ ಹೆಸರು ಕಂಬ. ಕಿರಿಯವನು ಚಿಕ್ಕ.

ಆ ಹಮಾಲರಲ್ಲಿ ಒಂದು ಪದ್ಧತಿ ಇತ್ತು. ಹೊಸಬನೊಬ್ಬ ಕೆಲಸಕ್ಕೆ ಬಂದರೆ ಮೇಸ್ತ್ರಿ ಅವನ ಅಂಗಿ ಸರಿಸಿ ಹೆಗಲು ಮುಟ್ಟಿ ನೋಡುತ್ತಿದ್ದ. ಚರ್ಮ ಮೆತ್ತಗಿದ್ದರೆ ಅವನಿಗೆ ಸಾಲಿನ ಕೊನೆ. ಮೂಟೆ ಹೊತ್ತು ಹೊತ್ತು ಹೆಗಲು ಜಡ್ಡುಗಟ್ಟಿದ ಹಾಗೆ ಅವನು ಸಾಲಿನಲ್ಲಿ ಮುಂದೆ ಬರುತ್ತಿದ್ದ. ಎಲ್ಲರಿಗಿಂತ ಗಡುಸು ಜಡ್ಡಿನವನು ಲಾರಿಯ ಹಿಂಬದಿಗೆ ನಿಂತು ಮೊದಲ ಮೂಟೆಗೆ ಹೆಗಲು ಕೊಡಬೇಕು. ಅವನನ್ನು ಮೊದಲ ಹೆಗಲು ಎನ್ನುತ್ತಿದ್ದರು. ಅವನು ನಡೆದಂತೆ ಉಳಿದವರ ನಡೆ; ಅವನು ನಿಂತರೆ ಸಾಲೇ ನಿಂತಿತು. ಎಷ್ಟೋ ವರ್ಷದಿಂದ ಆ ಜಾಗ ಕಂಬನದು. ಮಗನ ಹೆಗಲಿನ ಜಡ್ಡನ್ನು ಎಣ್ಣೆ ಹಚ್ಚುವಾಗ ಮುಟ್ಟಿದರೆ ದೊಡ್ಡಮ್ಮನಿಗೆ ಒಳಗೊಳಗೇ ಹಿಗ್ಗು. ಬೇರೆ ತಾಯಂದಿರು ಮಗನ ಓದಿನ ಮಾತು ಆಡುವ ಕಡೆ ಇವಳು ಹೆಗಲಿನ ಮಾತು ಆಡುತ್ತಿದ್ದಳು.

ಒಂದು ದಿನ ಅವರ ಬೀದಿಯ ಕೊನೆಮನೆಯ ನರ್ಸಮ್ಮ ರಕ್ತದೊತ್ತಡ ಅಳೆಯುವ ಯಂತ್ರ ಹಿಡಿದು ಗೋದಾಮಿಗೇ ಬಂದಳು. ಆಸ್ಪತ್ರೆಗೆ ಬನ್ನಿ ಎಂದು ಕರೆದರೆ ಹಮಾಲರು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಮೇಜು ಮಾಡಿಕೊಂಡಳು.

"ಬನ್ನಿ, ಒಬ್ಬೊಬ್ಬರೇ ಕೂತ್ಕೊಳ್ಳಿ. ನೋವಾಗಲ್ಲ."

"ನೋವಿಗೆ ಹೆದರೋರು ನಾವಲ್ಲ ನರ್ಸಮ್ಮ. ನಿಮ್ಮ ಪಟ್ಟಿ ನಮ್ಮ ಕಂಬನ ತೋಳಿಗೆ ಸಾಲುತ್ತಾ, ಅದನ್ನ ನೋಡ್ಕೊಳ್ಳಿ ಮೊದಲು!"

ಮೇಸ್ತ್ರಿ ಮೊದಲು ಕೂತ. ನೂರ ಮೂವತ್ತು. ಆಮೇಲೆ ಇನ್ನಿಬ್ಬರು ಕೂತೆದ್ದರು. ಕಂಬನ ಸರದಿ ಬಂದಾಗ ನರ್ಸಮ್ಮ ಒಂದು ಸಲ ಅಳೆದಳು, ಹುಬ್ಬು ಗಂಟಿಕ್ಕಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಇನ್ನೊಂದು ತೋಳಿಗೆ ಕಟ್ಟಿ ಅಳೆದಳು. ಅವಳು ಬಾಯಿ ಬಿಡುವ ಮೊದಲೇ ಹಿಂದಿನಿಂದ ಬಗ್ಗಿ ನೋಡುತ್ತಿದ್ದ ಚಿಕ್ಕ ಕೂಗಿದ:

"ಇನ್ನೂರ ಹತ್ತು!"

ಗೋದಾಮಿನಲ್ಲಿ ಕೇಕೆ ಎದ್ದಿತು. ಮೂಟೆಯ ತೂಕದ ಮೇಲೆ ಮನುಷ್ಯನನ್ನು ಅಳೆದು ರೂಢಿಯಾದವರಿಗೆ ದೊಡ್ಡ ಅಂಕಿ ಎಂದರೆ ಗೆಲುವು.

"ಮೇಸ್ತ್ರಿಗೆ ನೂರ ಮೂವತ್ತೇ! ಹೋಗಣ್ಣ, ನೀನು ಬರೀ ಹೊಟ್ಟಿನ ಮೂಟೆ!"

"ಇನ್ನೂರ ಹತ್ತು ಕಣ್ರೋ! ಹೊಡೀರಿ ಚಪ್ಪಾಳೆ!"

ದೊಡ್ಡಮ್ಮ ಕೂತಲ್ಲಿಂದಲೇ ನಕ್ಕಳು. ಕಂಬ ಎರಡೂ ತೋಳು ಮಡಿಸಿ ತೋರಿಸಿದ. ನಗದೆ ಇದ್ದವಳು ನರ್ಸಮ್ಮ ಒಬ್ಬಳೇ.

"ಸುಮ್ನಿರ್ರಪ್ಪ. ಇದು ಗೆದ್ದ ಅಂಕಿ ಅಲ್ಲ. ಕಂಬಣ್ಣ, ತಲೆನೋವು ಬರುತ್ತಾ? ಉಸಿರು ಕಟ್ಟುತ್ತಾ? ಎದೆ ಹಿಡಿದ ಹಾಗೆ ಆಗುತ್ತಾ?"

"ಏನಿಲ್ಲ. ಬೆಳಿಗ್ಗೆ ಎದ್ದಾಗ ಹಿಂದಲೆ ಒಂಚೂರು ಭಾರ. ಮೂಟೆ ಹೊರೋನ ತಲೆ ಭಾರ ಆಗದೆ ಹೂವಾಗುತ್ತಾ?"

"ಈ ಒತ್ತಡ ಹೇಳಿ ಕೇಳಿ ಬರಲ್ಲ. ಬಹಳ ಜನಕ್ಕೆ ಏನೂ ಗೊತ್ತಾಗೋದೇ ಇಲ್ಲ. ಇವತ್ತೇ ಆಸ್ಪತ್ರೆಗೆ ಹೊರಡು. ನಾಳೆ ಅನ್ನಬೇಡ."

ಅವಳ ಮುಖ ನೋಡಿ ಕಂಬ ಹೊರಟ. ಹೊರಟದ್ದು ಒಳ್ಳೆಯದೇ ಆಯಿತು. ಕೇಳಿಸಿಕೊಂಡು ಬಂದದ್ದರಲ್ಲಿ ಕೆಟ್ಟಿತು.

ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ಮಾಡಿದರು. ಡಾಕ್ಟರು ಮಾತ್ರೆ ಬರೆದುಕೊಟ್ಟು ಹತ್ತು ಮಾತು ಹೇಳಿದರು. ಅದರಲ್ಲಿ ಕಂಬನ ಕಿವಿಗೆ ಬಿದ್ದದ್ದು ಒಂದು: ನಿನ್ನ ಹೃದಯದ ಗೋಡೆ ದಪ್ಪ ಆಗಿದೆ. ಉಳಿದ ಒಂಬತ್ತು ಮಾತು ಅಲ್ಲಿಯೇ ಉಳಿದವು. ಸಂಜೆ ಮನೆಯ ಜಗಲಿಯ ಮೇಲೆ ಕೂತು ಅವನು ಆ ಒಂದು ಮಾತನ್ನು ಹೇಳಿದ ರೀತಿ ನೋಡಿದ್ದರೆ ಬಹುಮಾನ ತಂದನೇನೋ ಎನ್ನಬೇಕು.

"ದಪ್ಪ ಆದ್ರೆ ಒಳ್ಳೇದೇ ತಾನೇ?" ಎಂದಳು ದೊಡ್ಡಮ್ಮ. "ಕೆಲಸ ಮಾಡಿದ ಮೈ. ಹೊರಗೆ ಹೆಂಗೋ ಒಳಗೂ ಹಂಗೆ."

"ನಮ್ಮಣ್ಣನಿಗೆ ಒಳಗೂ ಜಡ್ಡುಗಟ್ಟಿದೆ!" ಎಂದ ಚಿಕ್ಕ.

ಆ ಮಾತು ಮರುದಿನದ ಹೊತ್ತಿಗೆ ಗೋದಾಮಿನ ತುಂಬ ಹರಡಿತ್ತು. ಕಂಬನ ಹೆಂಡತಿ ಮಾತ್ರ ನರ್ಸಮ್ಮನನ್ನು ಮನೆಗೆ ಕರೆದು ತಂದಳು. "ಇವರು ಏನೇನೋ ಹೇಳ್ತಿದಾರೆ ನರ್ಸಮ್ಮ. ನೀವೇ ಸರಿಯಾಗಿ ಬಿಡಿಸಿ ಹೇಳಿ" ಎಂದಳು.

ನರ್ಸಮ್ಮ ಹೊಸಿಲ ಮೇಲೆ ಕೂತಳು. "ಕಂಬಣ್ಣ, ಬೆಳಿಗ್ಗೆಯಿಂದ ಸಂಜೆವರೆಗೆ ಮೂಟೆ ಹೊರ್ತೀಯಲ್ಲ, ಸಂಜೆ ಏನು ಮಾಡ್ತೀಯ?"

"ಇಳಿಸಿ ಮನೆಗೆ ಬರ್ತೀನಿ."

"ನಿನ್ನ ಹೃದಯ ಇಳಿಸೋದೇ ಇಲ್ಲ. ಅದು ಒಂದು ಪಂಪು. ಮೈಯೆಲ್ಲಾ ರಕ್ತ ತಳ್ಳೋದು ಅದರ ಕೆಲಸ. ರಕ್ತದ ಕೊಳವೆಯಲ್ಲಿ ಒತ್ತಡ ಜಾಸ್ತಿ ಇದ್ರೆ, ಒಂದೊಂದು ಸಲ ತಳ್ಳೋವಾಗ್ಲೂ ಅದಕ್ಕೆ ಭಾರ. ನೀನು ಮಲಗಿದ್ರೂ ಅದಕ್ಕೆ ಭಾರ. ತಳ್ಳಿ ತಳ್ಳಿ ಅದರ ಮಾಂಸ ದಪ್ಪ ಆಗಿದೆ. ಅದು ಬಲ ಅಲ್ಲ. ದಪ್ಪ ಆದ ಹೃದಯ ಬಿಗಿಯಾಗುತ್ತೆ, ಸರಿಯಾಗಿ ಸಡಿಲ ಆಗಲ್ಲ, ಒಳಗೆ ರಕ್ತ ತುಂಬ್ಕೊಳ್ಳೋಕೆ ಆಗಲ್ಲ. ತುಂಬದೆ ಇರೋದನ್ನ ತಳ್ಳೋದು ಹೆಂಗೆ? ಹೀಗೇ ಬಿಟ್ರೆ ಒಂದು ದಿನ ಸೋತು ಜೋಲು ಬೀಳುತ್ತೆ."

ಅವಳು ದೊಡ್ಡಮ್ಮನ ಕಡೆ ತಿರುಗಿದಳು. "ದೊಡ್ಡಮ್ಮ, ನೆನೆದು ಒಣಗಿ ಹಲಗೆ ಥರ ಆದ ಚೀಲ ನೀವು ನೋಡಿದೀರಲ್ಲ? ಬಾಯಿ ಬಿಡಿಸೋಕೆ ಬರಲ್ಲ, ಕಾಳು ಒಳಗೆ ಹೋಗಲ್ಲ. ಆ ಚೀಲ ದಪ್ಪ ಇದೆ ಅಂತ ನೀವು ಮೆಚ್ಚಿ ಎತ್ತಿಡ್ತೀರಾ?"

ಅಂಥ ಚೀಲಗಳನ್ನು ದೊಡ್ಡಮ್ಮ ಪಕ್ಕಕ್ಕೆ ಎಸೆಯುತ್ತಿದ್ದಳು. ಆದರೆ ಅವಳು ಬೇರೆಯದನ್ನೇ ಕೇಳಿದಳು. "ಈ ಮಾತ್ರೆ ಎಷ್ಟು ದಿನ?"

"ದಿನಾ. ಮೈ ಚೆನ್ನಾಗಿದೆ ಅನ್ನಿಸಿದ್ರೂ ದಿನಾ."

"ಸಾಯೋ ತನಕಾನಾ?"

"ಬದುಕೋ ತನಕ ಅನ್ನಿ ದೊಡ್ಡಮ್ಮ. ಈಗ ಶುರು ಮಾಡಿದ್ರೆ ದಪ್ಪ ಆಗಿರೋದು ಇಳಿಯೋದೂ ಉಂಟು. ಉಪ್ಪು ಕಮ್ಮಿ ಮಾಡಿ. ಬೀಡಿ ಬಿಡಲಿ. ಮಾತ್ರೆಯಿಂದ ಏನಾದ್ರೂ ತೊಂದ್ರೆ ಅನ್ನಿಸಿದ್ರೆ ಬಿಟ್ಟುಬಿಡಬೇಡಿ, ನನಗೆ ಹೇಳಿ."

ಕಂಬ ಮಾತ್ರೆ ಶುರು ಮಾಡಿದ. ಅದರಲ್ಲೊಂದು ನೀರು ಇಳಿಸುವ ಮಾತ್ರೆ. ಅದನ್ನು ನುಂಗಿದರೆ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕು. ಬೇರೆ ಕೆಲಸದವನಾಗಿದ್ದರೆ ಎದ್ದು ಹೋಗಿ ಬರುತ್ತಿದ್ದ. ಕಂಬ ಮೊದಲ ಹೆಗಲು. ಅವನು ಲಾರಿ ಬಿಟ್ಟು ಗೋಡೆಯ ಹಿಂದಕ್ಕೆ ಹೋದರೆ ಹಿಂದಿನ ಸಾಲೆಲ್ಲ ಕೈ ಕಟ್ಟಿ ನಿಲ್ಲಬೇಕು. ಮೊದಲ ದಿನ ಕಾದರು. ಎರಡನೆಯ ದಿನ ಶಿಳ್ಳೆ ಹಾಕಿದರು.

"ಏನು ಕಂಬ, ಬುಡಕ್ಕೆ ನೀರು ಬಿಡ್ತಿದೀಯಾ?"

"ಕಂಬ ಅಲ್ಲಪ್ಪ, ನಲ್ಲಿ ಅನ್ನು ಇನ್ಮೇಲೆ!"

ಮೇಸ್ತ್ರಿ ನಗಲಿಲ್ಲ. ಅವನು ನಕ್ಕಿದ್ದರೂ ಆಗುತ್ತಿತ್ತು. "ನಿನ್ನಿಂದ ಆಗದಿದ್ರೆ ಹೇಳು, ನಿನ್ನ ತಮ್ಮನ್ನ ಮುಂದೆ ನಿಲ್ಲಿಸ್ತೀನಿ" ಎಂದ.

ಅಂದು ಸಂಜೆ ಕಂಬ ಮಾತ್ರೆಯ ಪಟ್ಟಿಗಳನ್ನು ತಾಯಿಯ ಮುಂದೆ ಹಾಕಿದ. "ಇದು ನನ್ನ ಮರ್ಯಾದೆ ಕಳೀತು. ಚೆನ್ನಾಗೇ ಇದ್ದೆ ನಾನು. ಬೇಡ."

"ಬೇಡ ಅನ್ನಿಸಿದ್ರೆ ಬಿಡಪ್ಪ. ನಿನ್ನ ಮೈ ನಿನಗೆ ಗೊತ್ತು" ಎಂದಳು ದೊಡ್ಡಮ್ಮ.

"ಅತ್ತೆ, ನರ್ಸಮ್ಮಂಗೆ ಒಂದು ಮಾತು ಕೇಳೋಣ. ತೊಂದ್ರೆ ಆದ್ರೆ ಹೇಳಿ ಅಂದಿದ್ರಲ್ಲ" ಎಂದಳು ಸೊಸೆ.

"ನೀನೊಬ್ಬಳು ಗಂಡನಿಗೆ ರೋಗಿ ಅಂತ ಹೆಸರು ಕಟ್ಟಬೇಡ" ಎಂದು ದೊಡ್ಡಮ್ಮ ಸೊಸೆಯ ಬಾಯಿ ಮುಚ್ಚಿಸಿದಳು.

ಮಾತ್ರೆ ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ದೇವರ ಗೂಡಿನಲ್ಲಿ ಪಟದ ಹಿಂದೆ ಇಟ್ಟಳು. ಅಲ್ಲಿಟ್ಟರೆ ದೇವರು ನೋಡಿಕೊಳ್ಳುತ್ತಾನೆ ಎಂದು ಅವಳಿಗೆ ಅನ್ನಿಸಿತು. ದೀಪ ಹಚ್ಚಿ ಕೈ ಮುಗಿದಳು. ನರ್ಸಮ್ಮ ಬೀದಿಯಲ್ಲಿ ಸಿಕ್ಕಾಗಲೆಲ್ಲ, "ಮಾತ್ರೆ ತಗೋತಿದಾನಾ ದೊಡ್ಡಮ್ಮ?" ಎಂದು ಕೇಳುವಳು. "ಹೂಂ, ತಗೋತಿದಾನೆ" ಎನ್ನುವಳು. ಮತ್ತೊಮ್ಮೆ ಅಳೆಯಬೇಕು, ಕಳಿಸಿ ಎಂದರೆ, ಕೆಲಸ ಬಹಳ ಎನ್ನುವಳು. ಬೆವರು ಸುರಿಸುವವನಿಗೆ ಉಪ್ಪು ಬೇಕು ಎಂದು ಸೊಸೆ ಅಡುಗೆ ಮುಗಿಸಿದ ಮೇಲೆ ಮಗನ ತಟ್ಟೆಗೆ ತನ್ನ ಕೈಯಿಂದಲೇ ಉಪ್ಪು ಉದುರಿಸುವಳು.

ಒಂದೆರಡು ವರ್ಷ ಏನೂ ಆಗಲಿಲ್ಲ. ಏನೂ ಕಾಣಿಸಲಿಲ್ಲ ಎನ್ನುವುದೇ ಸರಿ. ಆಗುವುದೆಲ್ಲ ಒಳಗೆ ಆಗುತ್ತಿತ್ತು.

ಮೊದಲು ಅವನು ಮೂಟೆಗಳ ರಾಶಿಗೆ ಹಾಕಿದ ಹಲಗೆ ಹತ್ತುವಾಗ ನಡುವೆ ನಿಲ್ಲತೊಡಗಿದ. ಯಾಕೆ ಎಂದರೆ ಹೆಗಲ ಬಟ್ಟೆ ಜಾರಿತು ಎನ್ನುವನು. ಆಮೇಲೆ ಅಂಗಾತ ಮಲಗಿದರೆ ಉಸಿರು ಸಾಲದಾಯಿತು. ತಲೆಯ ಕೆಳಗೆ ಎತ್ತರ ಬೇಕು ಎಂದ. ದೊಡ್ಡಮ್ಮ ತಾನು ಹೊಲಿದ ಚೀಲವೊಂದನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟಳು. ಮುಂದಿನ ತಿಂಗಳು ಇನ್ನೊಂದು. ಕೊನೆಗೆ ಅವನು ಚೀಲಗಳ ರಾಶಿಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡುವಂತಾದ. ಚಪ್ಪಲಿ ಪಾದಕ್ಕೆ ಬಿಗಿಯಾಯಿತು. ಪಾದ ಒತ್ತಿದರೆ ಬೆರಳಿನ ಗುಳಿ ಹಾಗೆಯೇ ನಿಲ್ಲುತ್ತಿತ್ತು. ಮಗ ಮೈ ಕೈ ತುಂಬಿಕೊಂಡಿದ್ದಾನೆ ಎಂದು ದೊಡ್ಡಮ್ಮ ಚಪ್ಪಲಿಯ ಪಟ್ಟಿಯನ್ನು ಸಡಿಲಿಸಿ ಹೊಲಿದು ಕೊಟ್ಟಳು.

ತುಂಬಿಕೊಂಡದ್ದು ನೀರು. ಸೋತ ಹೃದಯ ಮುಂದಕ್ಕೆ ತಳ್ಳಲಾರದೆ ಹೋದಾಗ ಹಿಂದೆ ಉಳಿದದ್ದು ಶ್ವಾಸಕೋಶದಲ್ಲಿ, ಕಾಲಿನಲ್ಲಿ ನಿಲ್ಲುತ್ತದೆ. ಅದನ್ನು ಹೇಳಬಲ್ಲವಳು ನಾಲ್ಕು ಮನೆ ಆಚೆ ಇದ್ದಳು. ಅವಳಿಗೆ ಇವರು ತೋರಿಸಲಿಲ್ಲ.

ಒಂದು ಮಧ್ಯಾಹ್ನ ಲಾರಿಯ ಹಿಂಬದಿಯಲ್ಲಿ, ಹೆಗಲಿಗೆ ಮೂಟೆ ಬೀಳುವ ಮೊದಲೇ, ಕಂಬ ನೆಲಕ್ಕೆ ಕೂತುಬಿಟ್ಟ. ಎದೆಯಿಂದ ಗೊಳಗೊಳ ಸದ್ದು ಬರುತ್ತಿತ್ತು. ತುಟಿ ಕಪ್ಪಿಟ್ಟಿತ್ತು. ನೀರಿನಲ್ಲಿ ಮುಳುಗುವವನು ಬಾಯಿ ತೆರೆಯುವಂತೆ ಬಾಯಿ ತೆರೆದು ಗಾಳಿಗೆ ಹಾತೊರೆಯುತ್ತಿದ್ದ. ಚಿಕ್ಕನೂ ಇನ್ನಿಬ್ಬರೂ ಅವನನ್ನು ಹೊತ್ತು ಆಸ್ಪತ್ರೆಗೆ ಓಡಿದರು. ಎಷ್ಟೋ ಸಾವಿರ ಮೂಟೆ ಹೊತ್ತವನನ್ನು ಮೂಟೆಯಂತೆಯೇ ಹೊತ್ತರು.

ಪ್ರಾಣ ಉಳಿಯಿತು. ಡಾಕ್ಟರು ಮತ್ತೆ ಸ್ಕ್ಯಾನ್ ನೋಡಿ ಹೊರಗೆ ಬಂದರು. "ಹೃದಯ ಹಿಗ್ಗಿ ಜೋಲು ಬಿದ್ದಿದೆ. ತಳ್ಳಬೇಕಾದಷ್ಟು ರಕ್ತದಲ್ಲಿ ಅರ್ಧವನ್ನೂ ತಳ್ತಾ ಇಲ್ಲ. ಒತ್ತಡದ ಮಾತ್ರೆ ಬರೆದುಕೊಟ್ಟಿದ್ದರಲ್ಲ, ಕೊನೇ ಸಲ ಯಾವಾಗ ತಗೊಂಡದ್ದು?"

ಸೊಸೆ ಅತ್ತೆಯ ಮುಖ ನೋಡಿದಳು. ದೊಡ್ಡಮ್ಮ ತನ್ನ ಕೈ ನೋಡಿಕೊಂಡಳು. ಹೊಲಿಗೆ ಸಡಿಲಿ ಹಿಗ್ಗಿದ ಚೀಲ ಹೇಗಿರುತ್ತದೆಂದು ಆ ಕೈಗೆ ಗೊತ್ತಿತ್ತು. ಅದನ್ನು ಹೊಲಿಯಬಹುದು. ಮಗನ ಎದೆಗೆ ಯಾವ ದಬ್ಬಳ ಹಾಕುವುದು?

ಸುದ್ದಿ ಕೇಳಿ ಬಂದು ಮಗ್ಗುಲಲ್ಲಿ ನಿಂತಿದ್ದ ನರ್ಸಮ್ಮ ಎಲ್ಲ ತಿಳಿದುಕೊಂಡಳು. ಸೊಸೆಯಿಂದ ನೀರಿನ ಮಾತ್ರೆಯ ಕಥೆ ಕೇಳಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ದೊಡ್ಡಮ್ಮ. ಆ ಮಾತ್ರೆ ಬದಲಿಸಿ ಬೇರೆ ಕೊಡ್ತಿದ್ರು. ಇಲ್ಲ, ತಗೊಳ್ಳೋ ಹೊತ್ತನ್ನಾದ್ರೂ ಬದಲಿಸ್ತಿದ್ರು. ಅಷ್ಟೇ ಇತ್ತು."

ಅಷ್ಟೇ ಇತ್ತು. ಅವಳು ಬೈದಿದ್ದರೆ ದೊಡ್ಡಮ್ಮ ತಡೆದುಕೊಳ್ಳುತ್ತಿದ್ದಳು. ಆ ಮಾತನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ.

ಮನೆಗೆ ಬಂದ ಕಂಬನಿಗೆ ಈಗ ಬೊಗಸೆ ತುಂಬ ಮಾತ್ರೆ. ಒಂದು ಮಾತ್ರೆಗೆ ನಾಚಿದವನು ಎಲ್ಲವನ್ನೂ ಮರುಮಾತಿಲ್ಲದೆ ನುಂಗುತ್ತಿದ್ದ. ಭಾರ ಎತ್ತಬಾರದು ಎಂದಿದ್ದರು. ಎತ್ತು ಎಂದಿದ್ದರೂ ಆಗುತ್ತಿರಲಿಲ್ಲ. ತುಂಬಿದ ಬಿಂದಿಗೆಯನ್ನು ಮೆಟ್ಟಿಲು ದಾಟಿಸಿದರೆ ಗೋಡೆ ಹಿಡಿದು ನಿಲ್ಲಬೇಕು. ಮನೆಯಲ್ಲಿ ಒಬ್ಬನೇ ಕೂರಲಾರದೆ ತಾಯಿಯ ಜೊತೆ ಗೋದಾಮಿಗೆ ಬಂದು ಬಿಸಿಲಲ್ಲಿ ಕೂರುತ್ತಿದ್ದ. ದಬ್ಬಳಕ್ಕೆ ಹುರಿ ಪೋಣಿಸುವುದು ಅವನ ಕೆಲಸವಾಯಿತು. ಪೋಣಿಸಿ ಕೊಟ್ಟು, "ತಗೋಮ್ಮ" ಎನ್ನುವನು. ಅಷ್ಟಕ್ಕೇ ಒಂದು ಸಲ ಉಸಿರು ಎಳೆದುಕೊಳ್ಳುವನು. ಲಾರಿ ಬಂದಾಗ ಮುಖ ತಿರುಗಿಸುವನು. ಹಿಂದೆ ಶಿಳ್ಳೆ ಹಾಕಿದವರು ಈಗ ಅವನ ಮುಂದೆ ಹಾಯುವಾಗ ನೆಲ ನೋಡಿಕೊಂಡು ಹೋಗುತ್ತಿದ್ದರು.

"ಅಮ್ಮ, ನನ್ನ ಹೆಗಲು ಮೆತ್ತಗಾಗಿದೆ ನೋಡು" ಎಂದ ಒಂದು ದಿನ. ಅವಳು ಮುಟ್ಟಿ ನೋಡಿದಳು. ಜಡ್ಡು ಕರಗಿಹೋಗಿತ್ತು. ಚಿಕ್ಕಂದಿನಲ್ಲಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ ಹೆಗಲು ಅದೇ ಅನ್ನಿಸಿ ಅವಳು ಕೈ ತೆಗೆದಳು.

ಆ ವರ್ಷ ಮುಗಿಯಲಿಲ್ಲ. ಒಂದು ಮಧ್ಯಾಹ್ನ ಹುರಿ ಪೋಣಿಸಲು ದಬ್ಬಳ ಚಾಚಿದಳು, ಅವನು ತೆಗೆದುಕೊಳ್ಳಲಿಲ್ಲ. ಚೀಲಗಳ ರಾಶಿಗೆ ಒರಗಿ ಕೂತವನು ಕೂತಂತೆಯೇ ಇದ್ದ.

ಜನ ಬಂದರು. ಬಂದವರೆಲ್ಲ ಹೇಳಿದ್ದು ಒಂದೇ ಮಾತು. "ದೇವರಿಗೆ ಬೇಕಾದವನು, ಕರ್ಕೊಂಡ." "ದೇವರು ಕೊಟ್ಟ ಆಯಸ್ಸು ಅಷ್ಟೇ." ಮೇಸ್ತ್ರಿಯೂ ಅದನ್ನೇ ಹೇಳಿದ. ದೊಡ್ಡಮ್ಮನೂ ಅದನ್ನೇ ಹೇಳಿದಳು. ಹಾಗೆ ಹೇಳಿದರೆ ಎಲ್ಲರ ಎದೆಯೂ ಹಗುರವಾಗುತ್ತಿತ್ತು. ಸೊಸೆ ಮಾತ್ರ ಆ ಮಾತಿಗೆ ತಲೆ ಆಡಿಸಲಿಲ್ಲ.

ಮೊದಲ ಹೆಗಲಿನ ಜಾಗ ಚಿಕ್ಕನಿಗೆ ಬಂತು.

ಕೆಲವು ವಾರ ಕಳೆದ ಮೇಲೆ ನರ್ಸಮ್ಮ ಯಂತ್ರ ಹಿಡಿದು ಮನೆಗೇ ಬಂದಳು. "ಚಿಕ್ಕಣ್ಣ, ಕೈ ಕೊಡು. ಅಣ್ಣನಿಗಿದ್ದದ್ದು ತಮ್ಮನಿಗೂ ಇರೋ ಸಂಭವ ಜಾಸ್ತಿ. ಒಡಹುಟ್ಟಿದವರು ನೋಡಿಸ್ಕೊಳ್ಳಲೇಬೇಕು."

"ಬೇಡ ನರ್ಸಮ್ಮ."

"ಯಾಕಪ್ಪ?"

"ಯಾಕೆ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ. ನೀವು ಈ ಪಟ್ಟಿ ಕಟ್ಟೋ ತನಕ ನಮ್ಮಣ್ಣ ಚೆನ್ನಾಗಿದ್ದ. ಅಳೆದ್ರಿ, ಮಾತ್ರೆ ಅಂದ್ರಿ, ಆಸ್ಪತ್ರೆ ಅಂದ್ರಿ. ಆಮೇಲೇ ಅಲ್ವಾ ಅವನು ಬಿದ್ದದ್ದು? ಆ ಹಾಳು ಮಾತ್ರೆ ನುಂಗಿ ನುಂಗಿಯೇ ಸತ್ತ."

ನರ್ಸಮ್ಮನ ಮುಖ ಬಿಳಿಚಿಕೊಂಡಿತು. ಬಿಚ್ಚಿದ್ದ ಪಟ್ಟಿಯನ್ನು ಅವಳು ಮಡಿಸತೊಡಗಿದಳು.

"ನುಂಗಿ ಸಾಯಲಿಲ್ಲ ಮೈದುನ, ನುಂಗದೆ ಸತ್ತರು" ಎಂದಳು ಸೊಸೆ ಒಳಗಿನಿಂದ.

"ನೀವು ಸುಮ್ನಿರಿ ಅತ್ತಿಗೆ. ಅದು ದೇವರಿಚ್ಛೆ. ಅಮ್ಮನೇ ಹೇಳಿದಾಳೆ. ಕೇಳಿ ಬೇಕಾದ್ರೆ."

ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಗನ ಮುಖ ನೋಡಿದಳು. ಕಂಬನದೇ ಹಣೆ, ಕಂಬನದೇ ಕುತ್ತಿಗೆ. ಬೆಳಿಗ್ಗೆ ಎದ್ದು ಹಿಂದಲೆ ಒತ್ತಿಕೊಳ್ಳುವುದನ್ನು ಅವಳು ವಾರದಿಂದ ನೋಡುತ್ತಿದ್ದಳು. ನೋಡಿಯೂ ಏನೂ ಕೇಳಿರಲಿಲ್ಲ. ಕೇಳಿದರೆ ಏನು ಹೇಳಿಬಿಡುತ್ತಾನೋ ಎಂಬ ಭಯ.

ಅವಳು ಎದ್ದಳು. ದೇವರ ಗೂಡಿಗೆ ಹೋಗಿ ಪಟವನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ಹಿಂದಿದ್ದ ಮಾತ್ರೆಯ ಪಟ್ಟಿಗಳನ್ನು ತಂದು ಚಿಕ್ಕನ ಮಡಿಲಿಗೆ ಹಾಕಿದಳು. ಅವುಗಳ ಮೇಲೆ ದೀಪದ ಮಸಿ ಕೂತಿತ್ತು. ಒಂದೆರಡು ಗುಳಿ ಬಿಟ್ಟರೆ ಉಳಿದವೆಲ್ಲ ತುಂಬಿದ್ದವು.

"ಏನಮ್ಮ ಇದು?"

"ನಿಮ್ಮಣ್ಣ ನುಂಗಿ ನುಂಗಿ ಸತ್ತ ಅಂದೆಯಲ್ಲ, ಮೊದಲ ಸಲ ಕೊಟ್ಟ ಆ ಮಾತ್ರೆ."

ಚಿಕ್ಕ ಒಂದು ಪಟ್ಟಿ ಎತ್ತಿದ, ಇನ್ನೊಂದು ಎತ್ತಿದ. ಬೆರಳಿಗೆ ಮಸಿ ಹತ್ತಿತು.

"ಇವನ್ನ ಇಲ್ಲಿ ಇಟ್ಟವಳು ನಾನು. ಮರ್ಯಾದೆ ಹೋಗುತ್ತೆ ಅಂತ ಅವನು ಬಿಟ್ಟ. ಬಿಡು ಅಂತ ನಾನು ಅಂದೆ. ಇವಳು ನರ್ಸಮ್ಮನ್ನ ಕೇಳೋಣ ಅಂದಾಗ ಇವಳ ಬಾಯಿ ಮುಚ್ಚಿಸಿದೆ. ನರ್ಸಮ್ಮನ ಮುಂದೆ ಸುಳ್ಳು ಹೇಳಿದೆ. ದೇವರು ಏನು ಮಾಡಿದ? ಈ ಹೆಣ್ಣುಮಗಳ ಕೈಲಿ ಯಂತ್ರ ಕೊಟ್ಟು ಗೋದಾಮಿಗೇ ಕಳಿಸಿದ. ಮನೆ ಬಾಗಿಲಿಗೇ ಕಳಿಸಿದ. ಕಾಪಾಡೋಕೆ ಅವನು ಇನ್ನೇನು ಮಾಡಬೇಕಿತ್ತು? ಇಳಿದು ಬಂದು ಬಾಯಿಗೆ ಹಾಕಬೇಕಿತ್ತಾ? ನಾವು ಮಾಡಿದ್ದನ್ನೆಲ್ಲ ಅವನ ತಲೆಗೆ ಕಟ್ಟಿ ಊಟ ಮಾಡ್ಕೊಂಡು ಕೂತಿದೀವಿ."

ಅವಳ ದನಿ ಏರಲಿಲ್ಲ. ಅಳಲೂ ಇಲ್ಲ.

"ಒಬ್ಬ ಮಗನ ಸಾವನ್ನ ದೇವರ ತಲೆಗೆ ಕಟ್ಟಿದ್ದು ಸಾಕಪ್ಪ. ಇನ್ನೊಂದು ಕಟ್ಟಿಸಬೇಡ. ಕೈ ಚಾಚು."

ಚಿಕ್ಕ ಕೈ ಚಾಚಿದ. ನರ್ಸಮ್ಮ ಪಟ್ಟಿ ಸುತ್ತಿ ಅಳೆದಳು. ಸ್ವಲ್ಪ ಬಿಟ್ಟು ಮತ್ತೆ ಅಳೆದಳು. ನೂರ ಎಪ್ಪತ್ತು ದಾಟಿತ್ತು. ಮರುದಿನ ಅತ್ತಿಗೆಯೇ ಅವನ ಜೊತೆ ಆಸ್ಪತ್ರೆಗೆ ಹೋದಳು. ಡಾಕ್ಟರು ಹೇಳಿದ ಹತ್ತು ಮಾತಿನಲ್ಲಿ ಹತ್ತನ್ನೂ ಕೇಳಿಸಿಕೊಂಡು ಬಂದಳು. ಹೃದಯ ದಪ್ಪಗಾಗಲು ಈಗಷ್ಟೇ ಶುರುವಾಗಿದೆ, ಮಾತ್ರೆ ಬಿಡದಿದ್ದರೆ ತಡೆಯಬಹುದು ಎಂದಿದ್ದರು.

ಅದಾದ ಮೇಲೆ ದೊಡ್ಡಮ್ಮ ಗೋದಾಮಿಗೆ ಹೋಗಿ ಮೇಸ್ತ್ರಿಯ ಮುಂದೆ ನಿಂತಳು. "ನನ್ನ ಚಿಕ್ಕ ಮಾತ್ರೆ ನುಂಗ್ತಾನೆ. ನಡುವೆ ಎದ್ದು ಹೋಗಬೇಕಾದ್ರೆ ಹೋಗ್ತಾನೆ. ಸಾಲು ನಿಲ್ಲಲಿ. ಶಿಳ್ಳೆ ಹಾಕೋರು ಯಾರಾದ್ರೂ ಇದ್ರೆ ನನ್ನ ಮುಂದೆ ಬಂದು ಹಾಕಲಿ."

ಮೇಸ್ತ್ರಿ ಹೆಗಲ ಬಟ್ಟೆ ತೆಗೆದು ಮುಖ ಒರೆಸಿಕೊಂಡ. "ನಿಲ್ಲುತ್ತೆ ದೊಡ್ಡಮ್ಮ" ಎಂದ.

ಈಗ ನರ್ಸಮ್ಮ ಗೋದಾಮಿಗೆ ಆಗಾಗ ಬರುತ್ತಾಳೆ. ಅದೇ ಖಾಲಿ ಪೆಟ್ಟಿಗೆ ಬೋರಲು ಹಾಕುತ್ತಾರೆ. ಮೇಸ್ತ್ರಿಯಿಂದ ಹಿಡಿದು ಕೊನೆಯ ಹೊಸಬನವರೆಗೆ ಎಲ್ಲರೂ ಕೂರುತ್ತಾರೆ. ಮೊದಲ ಸಲ ಅವಳು ಅಂಕಿ ಹೇಳುವಾಗ ಸಾಲಿನ ಕೊನೆಯ ಒಬ್ಬ ಹುಡುಗಾಟದವನು ಅಭ್ಯಾಸ ಬಲದಿಂದ ಚಪ್ಪಾಳೆಗೆ ಕೈ ಎತ್ತಿ, ದೊಡ್ಡಮ್ಮನ ಕಡೆ ನೋಡಿ, ಇಳಿಸಿದ.

ಚಿಕ್ಕನ ಒತ್ತಡ ಇಳಿದಿದೆ. ದಿನವೂ ಬೆಳಿಗ್ಗೆ ತಾಯಿಯ ಎದುರೇ ಮಾತ್ರೆ ನುಂಗಿ, ಬಾಯಿ ತೆರೆದು ತೋರಿಸಿ, ದಬ್ಬಳಕ್ಕೆ ಹುರಿ ಪೋಣಿಸಿ ಕೊಟ್ಟು ಹೋಗುತ್ತಾನೆ. "ನಾನೇನು ಎಳೆಮಗುವೇನಮ್ಮ?" ಎಂದು ಗೊಣಗುತ್ತಾನೆ. "ನಿಮ್ಮಣ್ಣನೂ ಎಳೆಮಗು ಆಗಿರಲಿಲ್ಲ" ಎನ್ನುತ್ತಾಳೆ. ದೀಪ ಹಚ್ಚುವಾಗ ಅವಳು ಈಗ ಏನನ್ನೂ ಬೇಡುವುದಿಲ್ಲ. ಕ್ಷಮಿಸು ಎನ್ನುತ್ತಾಳೆ, ಅಷ್ಟೇ. ಪಟದ ಹಿಂದೆ ಏನೂ ಇಲ್ಲ ಎಂದು ದಿನವೂ ಕೈ ಹಾಕಿ ನೋಡುತ್ತಾಳೆ.

ಇದನ್ನು ಓದಿಸಿಕೊಂಡು ಕೂತಿರುವ ಅಮ್ಮಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿಯೂ ಒಬ್ಬ ಕಂಬ ಇರಬಹುದು. ಅವನಿಗೆ ಏನೂ ಆಗಿಲ್ಲ ಎಂದು ಅವನೂ ಹೇಳುತ್ತಾನೆ, ನೀವೂ ಹೇಳುತ್ತೀರಿ. ಅಳೆಯದೆ ಹೇಳಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದೊತ್ತಡ ನೋಡಿಸಿ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಎಲ್ಲರೂ ನೋಡಿಸಿ. ಡಾಕ್ಟರು ಮಾತ್ರೆ ಕೊಟ್ಟರೆ ದಿನವೂ ತೆಗೆದುಕೊಳ್ಳಿ. ಚೆನ್ನಾಗಿದ್ದೇನೆ ಎಂದು ಬಿಡಬೇಡಿ, ಚೆನ್ನಾಗಿರುವುದು ಆ ಮಾತ್ರೆಯಿಂದಲೇ. ಮಾತ್ರೆ ಒಗ್ಗದಿದ್ದರೆ ನಾಚದೆ ಹೋಗಿ ಹೇಳಿ, ಬೇರೆ ಕೊಡುತ್ತಾರೆ. ತಟ್ಟೆಗೆ ಉಪ್ಪು ಉದುರಿಸುವ ಕೈಯನ್ನು ಹಿಡಿಯಿರಿ. ನಡೆದರೆ ಏದುಸಿರು, ಮಲಗಿದರೆ ಉಸಿರು ಸಾಲದು, ಪಾದ ಊದುತ್ತಿದೆ ಎಂದರೆ ದಿಂಬು ಎತ್ತರಿಸಿ ಕೂರಬೇಡಿ, ಚಪ್ಪಲಿ ಸಡಿಲಿಸಬೇಡಿ. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇನ್ನು, ಜೊತೆಯವನು ಮಾತ್ರೆಗೆಂದು ಒಂದು ಗಳಿಗೆ ನಿಂತರೆ ನಗುವವರಿದ್ದೀರಲ್ಲ, ನಿಮಗೂ ಒಂದು ಮಾತು. ನಗುವ ಮೊದಲು ಅವನ ತಾಯಿ ಎಲ್ಲಿ ಕೂತಿದ್ದಾಳೆ, ನೋಡಿಕೊಳ್ಳಿ.

ಭಗವಂತ ಆಯಸ್ಸು ಕೊಡುತ್ತಾನೆ. ಅದನ್ನು ಅರ್ಧದಲ್ಲಿ ಹರಿದು, ಅವನೇ ಹರಿದ ಎಂದು ಹೇಳಬೇಡಿ.